ಕ್ಲಚ್ ತುಳಿದವರು ಯಾರು?

ಸಲಿನಾಸ್, ಪೋರ್ಟೊ ರಿಕೊ
ಫೆಬ್ರವರಿ ೧೨, ೧೯೯೪

ನೆರೇಯ್ದಾ,

ಕೊಕಿ ಬಡಾವಣೆಯ ವಾಸಿ, ಗ್ವಾಯಾಮಾ ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ಸದ್ಯ ನಿವೃತ್ತನಾಗಿರುವ ಆನ್ಸೆಲ್ಮೊ ರೆಂತಾಸ್ ಎಂಬ ನಾನು, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವಾಗಲಿ ಆಮಿಷವಾಗಲಿ ಇಲ್ಲದೆ ಬರೆದುಕೊಟ್ಟ ತಪ್ಪೊಪ್ಪಿಗೆ ಏನೆಂದರೆ: ಈ ತಿಂಗಳ ಮೊದಲ ವಾರ, ಹಾಡುಹಗಲೇ, ಸದರಿ ಮನೆಯ ಅಡುಗೆಮನೆಯ ಕೆಳಗಿನ ಕಪಾಟಿನಿಂದ ನಿನ್ನ ಅನ್ನದ ಪಾತ್ರೆಯನ್ನು ಅಪಹರಿಸಿದೆ. ಹೌದು, ಅದನ್ನೇ. ನಿನ್ನ ಅಜ್ಜಿಯಿಂದ ನಿನ್ನ ಅಮ್ಮನಿಗೆ, ಅಮ್ಮನಿಂದ ನಿನಗೆ ಬಂದ, ಇಷ್ಟು ವರ್ಷ ನನಗೆ ಮುಟ್ಟಗೊಡದ ಆ ದಪ್ಪ ತಳದ ಪಾತ್ರೆಯನ್ನು. ಅದರಲ್ಲಿ ಪೆಟ್ರೋಲು ಸುರಿದು ಎಂಜಿನ್ನಿನ ಬಿಡಿಭಾಗಗಳನ್ನು ನೆನೆಹಾಕಿದೆ. ಪಾತ್ರೆ ಬದುಕಿದೆ. ಸೋಪು, ನಿಂಬೆಹಣ್ಣು, ಬೂದಿ ಮೂರರಲ್ಲೂ ಉಜ್ಜಿದೆ. ಆಮೇಲೆ ಅದರಲ್ಲೇ ತೊಗರಿಕಾಳಿನ ಅನ್ನ ಮಾಡಿಕೊಂಡು ಉಂಡೆ. ಉಂಡಾದ ಮೇಲೆ ಒಲೆಯ ಹತ್ತಿರ ತೇಗಲು ಭಯವಾಯಿತು.

“ಫೋನಲ್ಲಿ ನೀನು ಬರೀ ನಗಿಸ್ತೀಯ ಆನ್ಸೆಲ್ಮೊ. ಬರೆ. ಕಾಗದದ ಮೇಲೆ ಏನು ಹೇಳ್ತೀಯ ನೋಡೋಣ” ಎಂದೆಯಲ್ಲ, ಇಗೋ ಹೇಳುತ್ತಿದ್ದೇನೆ.

ನಿನ್ನ ತಂಗಿ ಇರೈದಾಳ ಮಂಡಿ ಆಪರೇಷನ್ನಿಗೆಂದು ನೀನು ಕಡಲಾಚೆಯ ಹಾರ್ಟ್‌ಫರ್ಡಿಗೆ ವಿಮಾನ ಹತ್ತಿದ ಮೇಲೆ ನಮ್ಮ ಹಳದಿ ಮಾಜ್ದಾ ಕಾರಿನ ಎಂಜಿನ್ನಿನಲ್ಲಿ ಒಂದು ರೋಗ ಪತ್ತೆಯಾಯಿತು. ಪತ್ತೆ ಮಾಡಿದವನು ನಾನೇ. ಎದುರುಮನೆಯ ದೋನ್ ಉಬಾಲ್ದೊ ಬಾನೆಟ್ಟಿಗೆ ಕಿವಿಯಿಟ್ಟು, “ಏನೂ ಆಗಿಲ್ಲ ಮಾರಾಯಾ, ಹಸುವಿನ ಹಾಗೆ ಉಸಿರಾಡ್ತಿದೆ” ಅಂದ. ಅವನ ಕಿವಿ ಹಸುವಿಗೆ ಸಾಕು. ನನ್ನ ಕಿವಿ ಬೇರೆ. ಎಷ್ಟೋ ವರ್ಷ ಸುಳ್ಳು ಸಾಕ್ಷಿಗಳ ಉಸಿರು ಕೇಳಿದ ಕಿವಿ ಇದು. ಸೀಲು ಸವೆದಿದೆ ಎಂದು ಹೇಳಿತು, ಬಿಚ್ಚಿದೆ.

ಕಾಗದವನ್ನು ನಿನ್ನ ಹೆಗಲ ಮೇಲಿಂದ ಇರೈದಾ ಓದುತ್ತಿರುತ್ತಾಳೆಂದು ಗೊತ್ತು, ಅವಳಿಗಾಗಿ ಎರಡು ಮಾತು. ಇರೈದಾ, ಬೇರೆಯವರ ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲೆ ಕೆಳಗೆ ಬಸ್ಕಿ ಹೊಡೆಯುತ್ತದೆ. ನಮ್ಮ ರೋಟರಿ ಎಂಜಿನ್ನಿನಲ್ಲಿ ಬ್ರೆಡ್ಡಿನಷ್ಟು ದಪ್ಪದ ಎರಡು ಮುಕ್ಕೋನದ ರೋಟರುಗಳು, ನಡು ಸೊರಗಿದ ಎರಡು ಗೂಡುಗಳೊಳಗೆ ಸುತ್ತುತ್ತವೆ. ಮುಕ್ಕೋನದ ಮೂಲೆ ಮೂಲೆಗೂ ಬೆರಳುದ್ದದ ಒಂದೊಂದು ಸೀಲು. ಅದು ಸವೆದರೆ ಉಸಿರು ಸೋರುತ್ತದೆ, ಎಂಜಿನ್ನು ಮಲಗುತ್ತದೆ. ಈ ದ್ವೀಪದ ಅರ್ಧ ಗಂಡಸರು ಇದು ತಿರುಗುವುದನ್ನು ನೋಡಿ ತಲೆ ತಿರುಗಿದವರು, ಉಳಿದರ್ಧ ಅವರಿಗೆ ಬಿಡಿಭಾಗ ಮಾರಿ ಬದುಕುವವರು.

ಈಗ ಮುಖ್ಯ ಸುದ್ದಿ. ನೆರೇಯ್ದಾ, ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ, ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿದ ಹಾಗೆ ಜೋಡಿಸುವಾಗ ನಡುವಿನ ಕಬ್ಬಿಣದ ತಟ್ಟೆ ಬರುತ್ತದಲ್ಲ, ಆಗ ಒಬ್ಬರು ಶಾಫ್ಟನ್ನು ಒಂದಂಗುಲ ಎತ್ತಿ ಹಿಡಿಯಬೇಕು, ಇನ್ನೊಬ್ಬರು ತಟ್ಟೆಯನ್ನು ಶಾಫ್ಟಿನ ಉಬ್ಬು ದಾಟಿಸಿ ಕೂರಿಸಬೇಕು. ಈವರೆಗೆ ಎತ್ತಿ ಹಿಡಿದವಳು ನೀನು. “ಬೇಗ ಮುದುಕಾ, ಕೈ ಸೋಲ್ತಿದೆ” ಎಂದು ಬೈದವಳೂ ನೀನೇ. ಈ ಸಲ ಶೆಡ್ಡಿನ ಸೂರಿನಲ್ಲಿ ಜೋಲಿಮಂಚ ತೂಗುವ ಕೊಕ್ಕೆಗೆ ಹಗ್ಗ ಕಟ್ಟಿ, ಹಗ್ಗದಿಂದ ಶಾಫ್ಟು ಎತ್ತಿ, ನಾನೊಬ್ಬನೇ ತಟ್ಟೆ ಇಳಿಸಿದೆ. ಇಬ್ಬರ ಕೆಲಸ, ಒಬ್ಬ ಗಂಡಸು! ದಾಖಲಾಗಲಿ.

ಇರೈದಾಳ ಮಂಡಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಪಾತ್ರೆಗಳ್ಳ,
ಆನ್ಸೆಲ್ಮೊ


ಹಾರ್ಟ್‌ಫರ್ಡ್
ಮಾರ್ಚ್ ೩

ಆನ್ಸೆಲ್ಮೊ,

ಪಾತ್ರೆಯ ವಿಷಯದಲ್ಲಿ ತೀರ್ಪು ಕಾಯ್ದಿರಿಸಿದ್ದೇನೆ. ಶಿಕ್ಷೆ ಇದ್ದೇ ಇದೆ.

ನಿನ್ನ ಕಾಗದ ಓದಿ ಇರೈದಾ ಮಂಡಿ ನೋಯುವಷ್ಟು ನಕ್ಕಳು. ನಾನೂ ನಕ್ಕೆ. ಮಡಿಸಿಡುವಾಗ ಇನ್ನೊಂದು ಸಲ ಓದಿದೆ. ಪಾತ್ರೆ ಹೇಗಿದೆ, ಎಂಜಿನ್ನು ಹೇಗಿದೆ ಎಲ್ಲ ಇದೆ. ನೀನು ಹೇಗಿದ್ದೀಯ ಅನ್ನುವುದು ಎಲ್ಲೂ ಇಲ್ಲ.

ಇಲ್ಲಿ ಹಿಮ. ಇರೈದಾಳ ಮನೆ ಮೂರನೆಯ ಮಹಡಿಯಲ್ಲಿದೆ. ಮೇಲಿಂದ ನೋಡಿದರೆ ಬೀದಿಯ ಕಾರುಗಳೆಲ್ಲ ಒಂದೇ ಥರ ಬಿಳಿ ಗುಡ್ಡೆಗಳು. ಬೆಳಿಗ್ಗೆ ಜನ ಬಂದು, ಅರ್ಧ ಗಂಟೆ ಕೆರೆದು, ಕೆಳಗೆ ಬೇರೆಯವರ ಕಾರು ಕಂಡು ಬೈದುಕೊಳ್ಳುತ್ತಾರೆ. ನನಗೆ ದಿನವೂ ಇದೇ ಸಿನಿಮಾ. ಅವಳ ಕಾಲು ಇನ್ನೂ ಮಡಚುವುದಿಲ್ಲ. ಆರು ವಾರ ಅಂದಿದ್ದರು ಡಾಕ್ಟರು. ಇನ್ನೂ ಸ್ವಲ್ಪ ಹಿಡಿಯುತ್ತದೆ.

ಹಗ್ಗ ಯಾವುದು? ನಾನು ಬಟ್ಟೆ ಒಣಹಾಕುವ ಹಗ್ಗವಾದರೆ ಅದು ಒಂದು ಒದ್ದೆ ಚಾದರಕ್ಕೇ ಜೋಲುತ್ತದೆ. ಹೋಗಲಿ, ನಂಬಿದೆ ಎಂದುಕೊ.

ನೆರೇಯ್ದಾ


ಸಲಿನಾಸ್
ಏಪ್ರಿಲ್ ೧೦

ನನ್ನ ಮುದುಕಿಗೆ,

ಹಗ್ಗದ ವಿಚಾರಣೆಯನ್ನು ಮುಂದೂಡಲಾಗಿದೆ, ಏಕೆಂದರೆ ಅದಕ್ಕಿಂತ ದೊಡ್ಡ ಸುದ್ದಿ ಇದೆ. ಎಂಜಿನ್ನು ಶುರುವಾಯಿತು!

ಸೀಲುಗಳು ಜಾರದಿರಲೆಂದು ಮೆತ್ತಿದ್ದ ವ್ಯಾಸಲೀನ್ ಎಲ್ಲ ಒಂದೇ ಸಲ ಉರಿದು, ಬೀದಿ ತುಂಬ ಬಿಳಿ ಹೊಗೆ. ಆಚೆಮನೆಯ ದೋಞ ತೊಮಾಸಾ ಒಣಹಾಕಿದ ಬಟ್ಟೆಗಳನ್ನು ಬಾಚಿಕೊಂಡು ಓಡಿದಳು. ಅವಳ ಹುಂಜ ಕೂಗಲು ಬಾಯಿ ತೆರೆದು ಹಾಗೇ ಮುಚ್ಚಿತು. ಹೊಗೆಯೊಳಗಿಂದ ಆ ಸದ್ದು ಬಂತು, ಬ್ರಪ್... ಬ್ರಪ್... ಬ್ರಪ್. ಬೇರೆ ಎಂಜಿನ್ನುಗಳು ಮಾತಾಡಿದರೆ ನಮ್ಮದು ತಾಳ ಹಾಕುತ್ತದೆ. ದೋನ್ ಉಬಾಲ್ದೊ ಗೇಟಿಗೆ ಒರಗಿ ನಿಂತು, “ಮುಂಚೆಯೂ ಹಿಂಗೇ ಇತ್ತಲ್ಲೋ” ಅಂದ. ಹೊಟ್ಟೆಕಿಚ್ಚು. ಅವನದ್ದು ಪಿಸ್ಟನ್ನಿನ ಗಾಡಿ.

ಸಂಜೆ ಕಡಲತೀರದ ತನಕ ಓಡಿಸಿದೆ. ನಿನ್ನ ಸೀಟು ಖಾಲಿ ಇರಬಾರದೆಂದು ಮಾರುಕಟ್ಟೆಯಲ್ಲಿ ಕೊಂಡ ಬಾಳೆಕಾಯಿ ಗೊನೆಯನ್ನು ಕೂರಿಸಿ ಬೆಲ್ಟು ಬಿಗಿದೆ. ಒಳ್ಳೆಯ ಸಹವಾಸ. ನಿಧಾನ ಹೋಗು ಅನ್ನಲಿಲ್ಲ, ನನ್ನ ಹಾಡು ತಪ್ಪು ಅನ್ನಲಿಲ್ಲ. ತಿರುವಿನಲ್ಲಿ ಮಾತ್ರ ಹೆಗಲ ಮೇಲೆ ಒರಗಿತು. ಮನೆ ತಲುಪುವವರೆಗೂ ನಾನೂ ನೆಟ್ಟಗೆ ಮಾಡಲಿಲ್ಲ.

ಒಂದೇ ಒಂದು ಕೊರತೆ ಇತ್ತು. ಎಂಜಿನ್ನಿನ ಮುಂಭಾಗದಲ್ಲಿ ಬೆಲ್ಟು ತಿರುಗಿಸುವ ಪುಲ್ಲಿಯ ಹಿಂದಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬೇರೆಯವರಾದರೆ ಎಂಜಿನ್ನನ್ನು ಮತ್ತೆ ಕೆಳಗಿಳಿಸುತ್ತಿದ್ದರು. ನಾನು ಎಂಜಿನ್ನು ಕಾರಿನಲ್ಲಿದ್ದ ಹಾಗೆಯೇ ಪುಲ್ಲಿಯ ದೊಡ್ಡ ಬೋಲ್ಟು ಬಿಚ್ಚಿ, ಎಣ್ಣೆ ಸೀಲು ಬದಲಿಸಿ, ಮತ್ತೆ ಬಿಗಿದು, ಊಟದ ಹೊತ್ತಿಗೆ ಕೈ ತೊಳೆದುಕೊಂಡೆ. ಇದನ್ನೂ ಒಬ್ಬನೇ. ಈಗೀಗ ಅನಿಸುತ್ತಿದೆ, ಈ ಎಂಜಿನ್ನಿಗೆ ಇಬ್ಬರು ಬೇಕೆಂಬುದು ಹೆಂಗಸರು ಹಬ್ಬಿಸಿದ ಸುದ್ದಿಯಿರಬೇಕು.

ಮುಂದಿನ ತಿಂಗಳ ಎರಡನೆಯ ಭಾನುವಾರ ಇಲ್ಲಿನ ರೇಸ್ ಮೈದಾನದಲ್ಲಿ ರೋಟರಿಯವರೆಲ್ಲ ಸೇರುತ್ತಾರೆ. ಈ ಸಲ ಬಾಗಿಲು ತೆರೆದು ನಾನೊಬ್ಬನೇ ಇಳಿಯುತ್ತೇನೆ, ಸಿನಿಮಾದ ಹೀರೋ ಹಾಗೆ.

ಒಂಟಿ ಸಲಗ,
ಆನ್ಸೆಲ್ಮೊ


ಹಾರ್ಟ್‌ಫರ್ಡ್
ಏಪ್ರಿಲ್ ೨೨

ಆನ್ಸೆಲ್ಮೊ,

ಕ್ಲಚ್ ತುಳಿದವರು ಯಾರು?

ಇರೈದಾ ಈಗ ಕೋಲಿಲ್ಲದೆ ಅಂಗಡಿಗೆ ಹೋಗಿ ಬರುತ್ತಾಳೆ. ನನಗೆ ಇಲ್ಲಿನ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಜೂನ್ ತನಕ. ಪುಟ್ಟ ಮಕ್ಕಳು ನನ್ನನ್ನು ಟೀಚರ್ ಅಂತ ಕರೆಯುತ್ತಾರೆ. ನಾನು ತಿದ್ದಿಲ್ಲ.

ನೆರೇಯ್ದಾ


ಸಲಿನಾಸ್
ಮೇ ೧೫

ನೆರೇಯ್ದಾ,

ನಿನ್ನ ಕಾಗದ ಬಂದ ದಿನ ಕನ್ನಡಿ ನೋಡಿಕೊಂಡೆ. ಐವತ್ತೇಳು ವಯಸ್ಸು, ಹೊಟ್ಟೆ ಮುಂದೆ, ಕೂದಲು ಹಿಂದೆ. ಆದರೂ ಎರಡು ಸಾವಿರ ಮೈಲಿ ಆಚೆ ಒಬ್ಬ ಹೆಂಗಸು ನನ್ನ ಕಾರಿನಲ್ಲಿ ಯಾವಳು ಕೂತಿದ್ದಳೆಂದು ಸಂಶಯಪಡುತ್ತಿದ್ದಾಳೆ! ದೋನ್ ಉಬಾಲ್ದೊಗೆ ಓದಿ ಹೇಳಿದೆ. “ನನ್ನವಳು ಪಕ್ಕದಲ್ಲೇ ಮಲಗಿರ್ತಾಳೆ, ಒಂದಿನ ಕೇಳಿಲ್ಲ ಮಾರಾಯಾ” ಎಂದು ಕೊರಗಿದ. ವಾರವಿಡೀ ಎದೆಯುಬ್ಬಿಸಿ ಓಡಾಡಿದೆ. ಒಬ್ಬ ರಹಸ್ಯ ಪ್ರೇಯಸಿಗೆ ಹೆಸರು ಕೂಡ ಹುಡುಕಿಟ್ಟಿದ್ದೆ.

ಆಮೇಲೆ ಮೈದಾನದ ಭಾನುವಾರ ಬಂತು. ಆಗ ತಿಳಿಯಿತು, ನೀನು ಕೇಳಿದ್ದು ಎಂಜಿನ್ನಿನ ಪ್ರಶ್ನೆ.

ಇರೈದಾ, ಕೇಳು. ಪುಲ್ಲಿಯ ಬೋಲ್ಟು ಸಡಿಲವಾದರೆ ಒಳಗಿನ ಶಾಫ್ಟು ಹಿಂದಕ್ಕೆ ಜಾರಬಹುದು. ಜಾರಿದರೆ, ಸುತ್ತ ಜೀರಿಗೆ ಜೋಡಿಸಿದಂತಿರುವ ಒಂದು ತೆಳು ಬೇರಿಂಗು ತನ್ನ ಕಟ್ಟೆಯಿಂದ ಕೆಳಗೆ ಬೀಳುತ್ತದೆ. ಅದು ಬಿದ್ದದ್ದು ಹೊರಗೆ ಕಾಣುವುದಿಲ್ಲ. ಅದಕ್ಕೇ ಬೋಲ್ಟು ಬಿಚ್ಚಿ ಬಿಗಿಯುವಷ್ಟು ಹೊತ್ತೂ ಒಬ್ಬರು ಒಳಗೆ ಕೂತು ಕ್ಲಚ್ ತುಳಿದುಕೊಂಡಿರಬೇಕು. ಆ ತುಳಿತ ಶಾಫ್ಟನ್ನು ಮುಂದಕ್ಕೆ ಒತ್ತಿ ಹಿಡಿಯುತ್ತದೆ. ನಮ್ಮೂರಲ್ಲಿ ರೋಟರಿ ಕಾರಿರುವ ಮನೆಮನೆಯಲ್ಲೂ ಕ್ಲಚ್ ತುಳಿಯುವವರು ಒಬ್ಬರು ಇರುತ್ತಾರೆ. ಹೆಂಡತಿ, ಇಲ್ಲವೇ ಅತ್ತೆ, ಯಾರೂ ಗತಿಯಿಲ್ಲದಿದ್ದರೆ ಪಾದ್ರಿ. ನಮ್ಮ ಮನೆಯಲ್ಲಿ ನಿನ್ನಕ್ಕ. ಹೆಣಿಗೆ ಹಿಡಿದು ಕೂತು, ಎಡಗಾಲಲ್ಲಿ ಪೆಡಲು ಒತ್ತಿಕೊಂಡು, “ಇನ್ನೂ ಎಷ್ಟು ಹೊತ್ತು, ಒಂದು ಕಾಲುಚೀಲ ಮುಗೀತು” ಅನ್ನುತ್ತಿದ್ದಳು.

ಈ ಸಲ ಕ್ಲಚ್ ತುಳಿದದ್ದು ಪೊರಕೆ.

ಪೆಡಲಿಗೂ ಸೀಟಿಗೂ ನಡುವೆ ಪೊರಕೆಯ ಕೋಲು ಕೊಟ್ಟು ನಿಲ್ಲಿಸಿದ್ದೆ. ಸೀಟಿನ ಕೊಂಡಿ ಸವೆದಿರುವುದು ನಿನಗೆ ಗೊತ್ತೇ ಇದೆ. ನಾನು ಬಾನೆಟ್ಟಿನೊಳಗೆ ತಲೆ ಹಾಕಿದ್ದಾಗ ಸೀಟು ಹಿಂದೆ ಸರಿಯಿತು, ಟಪ್ ಅಂತ ಕೇಳಿಸಿತು. ಪೊರಕೆ ಬಿತ್ತು ಅಂದುಕೊಂಡೆ. ಅಷ್ಟೇ ಅಂದುಕೊಂಡೆ. ಪೊರಕೆಯನ್ನು ಮತ್ತೆ ನಿಲ್ಲಿಸಿ, ಬೋಲ್ಟನ್ನು ಜೀವ ಬಿಟ್ಟು ಬಿಗಿದೆ. ಒಳಗೆ ಬೇರಿಂಗು ಅಡ್ಡ ಬಿದ್ದಿತ್ತು.

ಮೈದಾನದಲ್ಲಿ ಎಲ್ಲರೂ ಸುತ್ತ ನಿಂತಿದ್ದರು. ಕ್ಲಚ್ ಒತ್ತಿದರೆ ಎಂಜಿನ್ನು ಹಲ್ಲು ಕಡಿದಂತೆ ನರಳಿತು. ದೋನ್ ಉಬಾಲ್ದೊ ಮುಂದೆ ಬಗ್ಗಿ ನೋಡಿದ.

“ತುಳಿ. ಬಿಡು. ಇನ್ನೊಂದ್ಸಲ ತುಳಿ. ಅಯ್ಯೋ ದೇವರೇ! ಆನ್ಸೆಲ್ಮೊ, ಪುಲ್ಲಿ ಜಾಗ ಬಿಟ್ಟು ನಡೀತಿದೆ ಕಣೋ!”

“ಎಲ್ಲಿಗೆ?” ಅಂದೆ.

“ನಿನ್ನ ಹೆಂಡ್ತಿ ಹೋದ ಕಡೆಗೆ!”

ಮೈದಾನವೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಪಾಪ, ಅವನು ಕೆಟ್ಟವನಲ್ಲ. ದಾರಿಯುದ್ದಕ್ಕೂ ತನ್ನ ಗಾಡಿಗೆ ಕಟ್ಟಿ ಎಳೆದುಕೊಂಡು ಬಂದವನೂ ಅವನೇ. ಹಿಂದಿನ ಕಾರಿನಲ್ಲಿ ಸ್ಟೇರಿಂಗು ಹಿಡಿದು ನಾನು ಕೂತಿದ್ದೆ. ಎಂಜಿನ್ನಿನ ಸದ್ದಿಲ್ಲದ ಕಾರಿನಲ್ಲಿ ಗಾಳಿಯ ಸದ್ದು ಇಷ್ಟಿರುತ್ತದೆಂದು ಗೊತ್ತಿರಲಿಲ್ಲ.

ಎಂಜಿನ್ನಿನ ಎಣ್ಣೆಯನ್ನು ಹೊರಗೆ ಸುರಿದು ನೋಡಿದೆ. ಮದುವೆಯ ಸೀರೆಯ ಹಾಗೆ ಮಿನುಗುತ್ತಿತ್ತು, ಅಷ್ಟು ಕಬ್ಬಿಣದ ಪುಡಿ. ಬೇರಿಂಗಿನ ಜೀರಿಗೆ ಎಲ್ಲ ಒಗ್ಗರಣೆಗೆ ಜಜ್ಜಿದಂತಾಗಿತ್ತು. ಪುಡಿ ಎಲ್ಲೆಲ್ಲಿಗೆ ಹೋಗಿದೆಯೋ, ಪೂರ್ತಿ ಬಿಚ್ಚಬೇಕು, ತೊಳೆಯಬೇಕು, ಮೊದಲಿಂದ ಜೋಡಿಸಬೇಕು.

ಮಾಡುತ್ತೇನೆ. ಒಂದು ಸಲ ಒಬ್ಬನೇ ಮಾಡಿದವನಿಗೆ ಎರಡನೇ ಸಲ ಏನು ಮಹಾ.

ಪೊರಕೆಯ ಯಜಮಾನ,
ಆನ್ಸೆಲ್ಮೊ


ಹಾರ್ಟ್‌ಫರ್ಡ್
ಜೂನ್ ೧೯

ಆನ್ಸೆಲ್ಮೊ,

ಪೊರಕೆಯ ಕಾಗದಕ್ಕೆ ಇರೈದಾ ನಗಲಿಲ್ಲ. ಓದಿ ಮುಗಿಸಿ ನನ್ನ ಕೈಗೆ ಕೊಟ್ಟು, ಎದ್ದು ಕಾಫಿ ಮಾಡಲು ಹೋದಳು.

ಶಾಲೆಯವರು ಸೆಪ್ಟೆಂಬರಿನಿಂದ ಖಾಯಂ ಆಗಿ ಬರುತ್ತೀಯಾ ಅಂತ ಕೇಳಿದ್ದಾರೆ. ಆಗಸ್ಟ್ ಹದಿನೈದರೊಳಗೆ ಹೇಳಬೇಕು. ಇರೈದಾಳ ಕಾಲು ಸರಿಯಾಗಿದೆ. ಇಲ್ಲಿರಲು ನನಗೀಗ ಅವಳ ಮಂಡಿಯ ನೆಪವಿಲ್ಲ. ಅದನ್ನು ನೀನು ಕೇಳಿಲ್ಲ, ನಾನೂ ಹೇಳಿಲ್ಲ.

ಇಪ್ಪತ್ತೆಂಟು ವರ್ಷ ನೀನು ನನ್ನ ಹತ್ತಿರ ಮಾತಾಡಿದ್ದೀಯ, ನನ್ನ ಬೆನ್ನ ಹಿಂದೆ ಒಂದು ಸಭೆ ಕೂತಿರುವ ಹಾಗೆ. ಮದುವೆಯಾದ ಹೊಸದರಲ್ಲಿ ನಾನೂ ತಿರುಗಿ ನೋಡುತ್ತಿದ್ದೆ, ಯಾರಿದ್ದಾರೆ ಅಂತ. ಅಮ್ಮ ತೀರಿಕೊಂಡಾಗ ಬಂದವರನ್ನೆಲ್ಲ ನೀನು ನಗಿಸಿ ಕಳಿಸಿದೆ. ನನ್ನನ್ನೂ ನಗಿಸಿದೆ. ಎಲ್ಲ ಹೋದ ಮೇಲೆ ನಾನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ನೀನು ಹೊರಗಿನಿಂದ ಬಾಗಿಲು ತಟ್ಟಿ, “ನೆರೇಯ್ದಾ, ನೀರಿನ ಬಿಲ್ಲು ಬರುತ್ತೆ” ಅಂದೆ. ತಮಾಷೆ ಚೆನ್ನಾಗಿತ್ತು. ನಾನು ನಲ್ಲಿ ನಿಲ್ಲಿಸಿದೆ.

ನೀನು ಕೆಟ್ಟವನೆಂದು ಬರೆಯುತ್ತಿಲ್ಲ. ನಿನ್ನಿಂದ ನನಗೆ ಹೊಟ್ಟೆ ತುಂಬ ನಗು ಸಿಕ್ಕಿದೆ. ಒಂದೇ ಒಂದು ಮಾತು ಬರೆ, ನಗಿಸದ ಮಾತು. ಬಾ ಅಂತಲೇ ಬರೆ ಅನ್ನುತ್ತಿಲ್ಲ. ಏನಾದರೂ. ಅದನ್ನು ಓದಿ ಶಾಲೆಯವರಿಗೆ ಉತ್ತರ ಹೇಳುತ್ತೇನೆ.

ನೆರೇಯ್ದಾ


ಸಲಿನಾಸ್
ಜುಲೈ ೭

ನೆರೇಯ್ದಾ,

ನೀನು ಕೇಳಿದಂತೆ ತಮಾಷೆ ಇಲ್ಲದ ಕಾಗದ.

ಇಲ್ಲಿ ಎಲ್ಲ ಕ್ಷೇಮ. ಮಳೆ ಕಡಿಮೆ. ಮಾವು ಕೂಡ ಕಡಿಮೆ. ಬೇರಿಂಗು ಬಂದಿದೆ. ಎಣ್ಣೆಯ ದಾರಿಗಳನ್ನೆಲ್ಲ ತೊಳೆದು ಗಾಳಿ ಊದಿದ್ದೇನೆ. ಅಡುಗೆಮನೆಯ ಬಲ್ಬು ಬದಲಿಸಿದೆ. ಕರೆಂಟು ಬಿಲ್ಲು ಕಟ್ಟಿದೆ. ರಸೀದಿ ಇದೆ.

ಇಂತಿ,
ಆನ್ಸೆಲ್ಮೊ ರೆಂತಾಸ್


ಹಾರ್ಟ್‌ಫರ್ಡ್
ಜುಲೈ ೨೨

ಆನ್ಸೆಲ್ಮೊ,

ಅದು ನನಗೆ ಬರೆದ ಕಾಗದವಲ್ಲ, ಕರೆಂಟಿನ ಆಫೀಸಿಗೆ ಬರೆದದ್ದು.

ಪಕ್ಕದ ಬೀದಿಯಲ್ಲಿ ನಮ್ಮ ಪೋನ್ಸೆ ಊರಿನ ಕಡೆಯವನೊಬ್ಬ ರೋಟರಿ ಕಾರು ಇಟ್ಟುಕೊಂಡಿದ್ದಾನೆ. ಶನಿವಾರ ಶನಿವಾರ ಶುರು ಮಾಡುತ್ತಾನೆ. ನಾನು ಕಿಟಕಿ ಮುಚ್ಚುತ್ತೇನೆ. ಇರೈದಾ ಸೆಖೆ ಅಂತ ಮತ್ತೆ ತೆರೆಯುತ್ತಾಳೆ.

ಹದಿನೈದನೆಯ ತಾರೀಖು.

ನೆ.


ಸಲಿನಾಸ್
ಆಗಸ್ಟ್ ೫

ನೆರೇಯ್ದಾ,

ಗೆದ್ದೆ! ಎಂಜಿನ್ನು ಸಿದ್ಧ. ಈ ಸಲ ಪೊರಕೆಗೂ ರಜೆ, ಹಗ್ಗಕ್ಕೂ ರಜೆ. ನಿನ್ನೆ ಬೆಳಿಗ್ಗೆ ಕೀಲಿ ತಿರುಗಿಸಿದ್ದೇ ತಡ, ದೋಞ ತೊಮಾಸಾಳ ಹುಂಜ ಜಾಗ ಖಾಲಿ ಮಾಡಿ ಪಕ್ಕದೂರಿಗೆ ಹೋಯಿತು. ಕ್ಲಚ್ ತುಳಿದರೆ ಪುಲ್ಲಿ ಕೂದಲೆಳೆಯಷ್ಟೂ ಅಲುಗುವುದಿಲ್ಲ, ಬಿಷಪ್ಪರ ಹಾಗೆ ಗಂಭೀರವಾಗಿ ನಿಂತಿರುತ್ತದೆ. ಇಬ್ಬರ ಕೆಲಸವನ್ನು ಎರಡೆರಡು ಸಲ ಒಬ್ಬನೇ ಮಾಡಿದ ಮೊದಲ ಮನುಷ್ಯ ಎಂದು ಮೈದಾನದ ಗೇಟಿನಲ್ಲಿ ನನ್ನ ಹೆಸರಿನ ಕಲ್ಲು ಹಾಕಿಸಬೇಕೆಂದು

ಇಲ್ಲಿಗೆ ನಿಲ್ಲಿಸಿದ್ದೇನೆ. ಹರಿದು ಬೇರೆ ಹಾಳೆ ತೆಗೆದುಕೊಳ್ಳೋಣವೆಂದುಕೊಂಡೆ. ಆದರೆ ಕೋರ್ಟಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಕೆಳಗೆ ತಿದ್ದುಪಡಿ ಬರೆದು ಸಹಿ ಹಾಕಬೇಕು. ನನಗೆ ಬರುವುದು ಅದೊಂದೇ ರೀತಿ.

ತಿದ್ದುಪಡಿ. ಎಂಜಿನ್ನು ಸಿದ್ಧವಾಗಿಲ್ಲ. ಹಿಂದಿನ ಅರ್ಧ ಊಟದ ಮೇಜಿನ ಮೇಲೆ ನಿಂತಿದೆ. ಶಾಫ್ಟು ಒಳಗಿದೆ. ನಡುವಿನ ತಟ್ಟೆಯನ್ನು ಚಾದರದಲ್ಲಿ ಸುತ್ತಿ ಕುರ್ಚಿಯ ಮೇಲಿಟ್ಟಿದ್ದೇನೆ. ನೀನು ಕೂರುವ ಕುರ್ಚಿ, ಬೇರೆ ಯಾವುದೂ ಅಷ್ಟು ಭಾರ ತಡೆಯುವುದಿಲ್ಲ. ನೋಡು, ಇದು ತಮಾಷೆಯ ಹಾಗೆ ಕೇಳಿಸುತ್ತದೆ. ತಮಾಷೆಯಲ್ಲ. ಎರಡು ವಾರದಿಂದ ಅದರ ಎದುರು ಕೂತು ಉಣ್ಣುತ್ತಿದ್ದೇನೆ.

ಫೆಬ್ರವರಿಯಲ್ಲಿ ಹಗ್ಗ ಇರಲಿಲ್ಲ. ದೋನ್ ಉಬಾಲ್ದೊ ಎತ್ತಿ ಹಿಡಿದ. ಯಾರಿಗೂ ಹೇಳಬೇಡ ಎಂದು ಅವನಿಗೆ ಬಿಯರ್ ಕೊಡಿಸಿದ್ದೆ. ಕಳೆದ ಶನಿವಾರ ಅವನು ತಾನಾಗಿಯೇ ಬಂದ, ಕೈ ತೊಳೆದುಕೊಂಡು.

“ಬಾ, ಎತ್ತೋಣ” ಅಂದ.

“ಬೇಡ” ಅಂದೆ.

“ಯಾಕೆ ಬೇಡ? ನಾನು ಎತ್ತೋದು ಸರಿಯಿಲ್ವಾ?”

“ಸರಿಯಿದೆ. ಬೇಡ.”

ಅವನು ಮೇಜು ನೋಡಿದ, ಕುರ್ಚಿ ನೋಡಿದ. ನಾನು ಏನಾದರೂ ಹೇಳಿ ನಗಿಸುತ್ತೇನೆಂದು ಕಾದ. “ಇದನ್ನ ನನಗೆ ಹೇಳಿ ಏನು ಪ್ರಯೋಜನ ಮಾರಾಯಾ, ಅವಳಿಗೆ ಹೇಳು” ಅಂದು ಹೊರಟುಹೋದ. ನಾನು ಅವನಿಗೆ ಏನೂ ಹೇಳಿರಲಿಲ್ಲ.

ನೀನಿಲ್ಲದೆ ನನಗೆ ಆಗುತ್ತಿಲ್ಲ. ಎಂಜಿನ್ನಿನ ಮಾತಲ್ಲ. ಬಚ್ಚಲುಮನೆಯ ಬಾಗಿಲ ಹೊರಗೆ ಅವತ್ತು ನಾನು ತುಂಬ ಹೊತ್ತು ನಿಂತಿದ್ದೆ. ಏನು ಹೇಳಬೇಕೋ ಗೊತ್ತಾಗಲಿಲ್ಲ. ಬಾಯಿಗೆ ಬಂದದ್ದು ಆ ನೀರಿನ ಬಿಲ್ಲು.

ಬಾ. ಬರಲು ಮನಸ್ಸಿಲ್ಲದಿದ್ದರೆ ಶಾಲೆಯವರಿಗೆ ಆಗಲಿ ಅನ್ನು. ಅನ್ನುವ ಮೊದಲು, ದೊಡ್ಡ ಪಾತ್ರೆ ಎತ್ತಲು ಅವರಿಗೆ ಒಬ್ಬ ಗಂಡಾಳು ಬೇಕೇ ಎಂದು ಕೇಳು. ನಾನು ಹಿಮ ಕೆರೆಯಬಲ್ಲೆ. ಯಾರ ಕಾರಾದರೂ ಆಗಬಹುದು.

ಇನ್ನೊಂದು ತಿದ್ದುಪಡಿ ಇದೆ. ಇದು ದೋನ್ ಉಬಾಲ್ದೊಗೂ ಗೊತ್ತಿಲ್ಲ, ಅನುಮಾನ ಇರಬಹುದು. ಜನವರಿಯಲ್ಲಿ ಎಂಜಿನ್ನಿಗೆ ಯಾವ ರೋಗವೂ ಇರಲಿಲ್ಲ. ನಿನ್ನನ್ನು ವಿಮಾನ ಹತ್ತಿಸಿ ಸಾನ್ ಹುವಾನಿನಿಂದ ಬರುವಾಗ ಕಾಯೆ ಬೆಟ್ಟದ ಏರಿನಲ್ಲೂ ಅದು ಏದುಸಿರು ಬಿಡಲಿಲ್ಲ. ಶೆಡ್ಡಿನಲ್ಲಿ ನಿಲ್ಲಿಸಿ ಕೀಲಿ ತೆಗೆದೆ. ಸದ್ದು ನಿಂತಿತು. ಒಳಗೆ ಹೋದೆ. ಅಲ್ಲಿಯೂ ಸದ್ದಿರಲಿಲ್ಲ. ಕೆಲವು ದಿನ ತಾಳಿಕೊಂಡೆ. ಆಮೇಲೊಂದು ಬೆಳಿಗ್ಗೆ ಸ್ಪ್ಯಾನರು ತೆಗೆದುಕೊಂಡು ಹೊರಗೆ ಬಂದು, ಚೆನ್ನಾಗಿ ಓಡುತ್ತಿದ್ದ ಎಂಜಿನ್ನನ್ನು ಬಿಚ್ಚಿದೆ. ಸೀಲುಗಳು ಹೊಸದರ ಹಾಗೇ ಇದ್ದವು. ಯಾರ ಕಣ್ಣಿಗೂ ಬೀಳಬಾರದೆಂದು ಸಮುದ್ರಕ್ಕೆ ಎಸೆದೆ.

ಆನ್ಸೆಲ್ಮೊ